ಗೆದ್ದ ಚೈನಿನಲ್ಲಿದ್ದ ಎಣ್ಣೆ

ಚಿಕ್ಕಬಳ್ಳಾಪುರದ ಸುತ್ತಮುತ್ತ ಸೈಕಲ್ ತುಳಿಯುವವರ ನಡುವೆ ಒಂದು ಕಥೆ ಓಡಾಡುತ್ತಿದೆ. ನಗರಗೆರೆಯ ರೂಪಾ ರಾಜ್ಯ ತಂಡದ ಆಯ್ಕೆಯ ದಿನ ಬೆಟ್ಟ ಹತ್ತಿ ಗೆದ್ದದ್ದು ಮೇಣ ಹಾಕಿದ ಚೈನಿನಿಂದ. ಹಿಂದಿನ ಸಂಜೆ ಮಳೆ ಬಿದ್ದು ಬೇರೆಯವರ ಚೈನುಗಳೆಲ್ಲ ಮಣ್ಣು ಕಚ್ಚಿಕೊಂಡು ಕರಕರ ಅನ್ನುತ್ತಿದ್ದಾಗ ಅವಳದು ಮಾತ್ರ ಸದ್ದಿಲ್ಲದೆ ಓಡಿತು. ಆ ಮೇಣ ಹಾಕಿಕೊಟ್ಟವಳು ಚಿಕ್ಕಬಳ್ಳಾಪುರದ ಟೀಚರಮ್ಮನ ಮಗಳು, ಅಂದರೆ ನಾನು. ಕಥೆ ಚೆನ್ನಾಗಿದೆ. ನನಗೆ ಹೆಸರನ್ನೂ ತಂದಿದೆ. ನನ್ನ ತಕರಾರು ಒಂದೇ: ಅದು ನಿಜವೆಂದು ನಾನು ನಂಬುವುದಿಲ್ಲ.

ಯಾಕೆಂದರೆ ಗೆದ್ದ ಆ ಚೈನನ್ನು ಮರುವಾರ ತೊಳೆದವಳು ನಾನೇ. ಕುದಿಯುವ ನೀರು ಹೊಯ್ದ ಕೂಡಲೇ ಮೇಲಕ್ಕೆ ಕಾಮನಬಿಲ್ಲಿನ ಬಣ್ಣದ ಪೊರೆಯೊಂದು ಎದ್ದು ತೇಲಿತು. ಬರೀ ಮೇಣವಿರುವ ಚೈನು ಹಾಗೆ ಮಾಡುವುದಿಲ್ಲ. ಕರಗಿದ ಮೇಣ ನೀರು ಆರಿದ ಮೇಲೆ ಬಿಳಿ ಹಕ್ಕಳೆಯಾಗಿ ನಿಲ್ಲುತ್ತದೆ, ಅಷ್ಟೆ. ಬಣ್ಣ ಬಂದರೆ ಅದು ಎಣ್ಣೆ. ನನ್ನ ಕೈಯಿಂದ ಹೋದ ಮೇಲೆ ಯಾರೋ ಅದಕ್ಕೆ ಎಣ್ಣೆ ಬಿಟ್ಟಿದ್ದರು. ಹಾಗಾದರೆ ಅವತ್ತು ಗೆದ್ದದ್ದು ಮೇಣವೋ ಎಣ್ಣೆಯೋ? ಕಾಲೇಜಿನ ಚರ್ಚಾಸ್ಪರ್ಧೆಗಳಿಗೆ ನಮ್ಮನ್ನು ತಯಾರು ಮಾಡುತ್ತಿದ್ದ ಮೇಷ್ಟ್ರು, ನಿಮಗೆ ಅನುಕೂಲವಾದ ಪುರಾವೆಯನ್ನೇ ಮೊದಲು ಅನುಮಾನಿಸಿ ಎನ್ನುತ್ತಿದ್ದರು. ನಾನು ಇಲ್ಲಿ ಮಾಡುತ್ತಿರುವುದು ಅದನ್ನೇ.

ಈ ಕೆಲಸದಿಂದ ನಾನೀಗ ನಿವೃತ್ತಳು. ಆ ಪದ ಕೇಳಿದರೆ ಅಮ್ಮನಿಗೆ ನಗು. ಕೂದಲು ನರೆಯುವವರೆಗೂ ಸರ್ಕಾರಿ ಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು ಅವರು. ‘ಮೂವತ್ತು ತುಂಬಿಲ್ಲ, ರಿಟೈರಂತೆ. ಪೆನ್ಷನ್ ಯಾರು ಕೊಡ್ತಾರೆ ಕಣೇ, ಸೈಕಲ್ ಚೈನಾ?’ ಎನ್ನುತ್ತಾರೆ. ನಿವೃತ್ತಿಗೆ ವಯಸ್ಸಿನ ಷರತ್ತು ಹಾಕಿದ್ದು ಸರ್ಕಾರ, ನಿಘಂಟಲ್ಲ, ಎಂಬುದು ನನ್ನ ವಾದ. ಒಂದು ಕೆಲಸವನ್ನು ಮನಸ್ಸಿಟ್ಟು ಮಾಡಿ, ಇನ್ನು ಸಾಕು ಎಂದು ಕೈ ತೊಳೆದುಕೊಂಡವರೆಲ್ಲ ನಿವೃತ್ತರೇ. ಕಾನೂನು ಓದುವಾಗ ಶುರು ಮಾಡಿದ್ದನ್ನು ಓದು ಮುಗಿದ ಮೇಲೂ ಬಿಡಲಿಲ್ಲ. ಈಗ ದಿನಾ ಕೋರ್ಟಿಗೆ ಹೋಗುತ್ತೇನೆ. ಕಪ್ಪು ಕೋಟಿಗೂ ಬಿಸಿ ಮೇಣಕ್ಕೂ ಹೊಂದಿಕೆಯಾಗುವುದಿಲ್ಲ. ತೋಳಿನ ಮೇಲೊಂದು ಬಿಳಿ ಕಲೆ ಹೊತ್ತು ನ್ಯಾಯಾಧೀಶರ ಮುಂದೆ ನಿಂತ ದಿನ ಅದು ಖಾತ್ರಿಯಾಯಿತು.

ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಕೆಲವರು ಈಗ ಮನೆಯಲ್ಲೇ ಈ ಕೆಲಸ ಶುರು ಮಾಡಿದ್ದಾರೆ. ಫೋನ್ ಮಾಡಿ ಸಲಹೆ ಕೇಳುತ್ತಾರೆ. ಮೊನ್ನೆ ಒಬ್ಬಳು, ‘ಅಕ್ಕ, ಕಸ್ಟಮರ್ ಅನುಮಾನ ಪಟ್ರೆ ರೂಪಾ ಕಥೆ ಹೇಳ್ಬಿಡ್ತೀನಿ, ಬಾಯಿ ಮುಚ್ಕೊಂಡು ಚೈನ್ ಬಿಚ್ಚಿ ಕೊಡ್ತಾರೆ’ ಅಂದಳು. ಇದನ್ನು ಬರೆಯಲು ಅದೇ ಕಾರಣ. ಹೇಳುವುದಾದರೆ ಹೇಳಿ. ಆದರೆ ಅದರಲ್ಲಿ ನನಗೆ ಎಷ್ಟು ಗೊತ್ತು, ಎಷ್ಟು ಗೊತ್ತಿಲ್ಲ ಎಂದು ತಿಳಿದುಕೊಂಡು ಹೇಳಿ.

ಮೊದಲು ಕೆಲಸದ ಮಾತು. ಮೇಣ ಹಾಕುವುದೇ ಈ ಕೆಲಸ ಎಂದುಕೊಂಡು ಬರುವವರು ಬೇಗ ಬಿಟ್ಟುಹೋಗುತ್ತಾರೆ. ಮೇಣ ಕೊನೆಯ ತುಂಡು ಮಾತ್ರ. ಕೆಲಸವೆಂದರೆ ತೊಳೆಯುವುದು. ಚೈನೆಂದರೆ ನೂರಾರು ಸಣ್ಣ ಉರುಳೆಗಳು, ಅವುಗಳ ಹೊಟ್ಟೆಯೊಳಗೆ ನೂರಾರು ಪಿನ್ನುಗಳು. ಕಣ್ಣಿಗೆ ಕಾಣುವ ಹೊರಮೈ ಥಳಥಳ ಅಂದರೂ ಒಳಗೆ ಕೊಳೆ ಕೂತಿರುತ್ತದೆ. ನಮ್ಮ ಕಡೆಯ ಕೆಂಪು ಧೂಳು, ಕಲ್ಲು ಕ್ವಾರಿಗಳ ಬಿಳಿ ಪುಡಿ ಹಳೆಯ ಎಣ್ಣೆಯ ಜೊತೆ ಕಲೆತರೆ ಅದು ಬರೀ ಮಸಿಯಾಗಿ ಉಳಿಯುವುದಿಲ್ಲ, ಅರವಾಗುತ್ತದೆ. ಪ್ರತಿ ತುಳಿತಕ್ಕೂ ಕಬ್ಬಿಣವನ್ನು ಉಜ್ಜುತ್ತದೆ. ಆದ್ದರಿಂದ ಚೈನನ್ನು ಟರ್ಪೆಂಟೈನ್ ಇರುವ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು ಕುಲುಕಬೇಕು. ಮೊದಲ ಸಲ ಕಾಫಿ ಡಿಕಾಕ್ಷನ್ ಬರುತ್ತದೆ. ಹೊಸದು ಹಾಕಿ ಮತ್ತೆ ಕುಲುಕಿದರೆ ಟೀ. ತಿಳಿ ಬರುವವರೆಗೂ ಬಿಡಬಾರದು. ಆಮೇಲೆ ಸ್ಪಿರಿಟ್ಟಿನಲ್ಲಿ ಒಂದು ಮುಳುಗು, ಆಮೇಲೆ ಪೂರ್ತಿ ಒಣಗುವುದು. ಅಂಗಡಿಯಿಂದ ತಂದ ಹೊಸ ಚೈನಿಗೂ ಇದೇ ಪಾಡು. ಅದರ ಮೈತುಂಬ ಕಾರ್ಖಾನೆಯ ಗ್ರೀಸಿರುತ್ತದೆ. ಒಮ್ಮೆ ಮೇಣ ಕಂಡ ಚೈನಿಗೆ ಮಾತ್ರ ಮರುಸಲ ಇಷ್ಟೆಲ್ಲ ಬೇಡ, ಕುದಿಯುವ ನೀರೇ ಸಾಕು.

ಇದನ್ನು ನಾನು ಕಲಿತದ್ದು ಫೋನಿನ ವಿಡಿಯೋಗಳಿಂದ. ನಿಜವೆಂದು ಸಾಬೀತು ಮಾಡಬೇಕಾಗಿ ಬಂದದ್ದು ಗೌರಿಬಿದನೂರಿನಲ್ಲಿ.

ಅಲ್ಲಿನ ರೈಲ್ವೆ ಸ್ಟೇಷನ್ ರಸ್ತೆಯಲ್ಲಿ ಶಿವಣ್ಣ ಸರ್ ಅವರ ಸೈಕಲ್ ಶಾಪ್ ಇದೆ. ವಯಸ್ಸಿನಲ್ಲಿ ತಾವೂ ರೇಸು ಓಡಿದವರು. ಈಗ ತಾಲ್ಲೂಕಿನ ಹುಡುಗ ಹುಡುಗಿಯರನ್ನು ಬೆಳಿಗ್ಗೆ ಬೆಳಿಗ್ಗೆ ರಸ್ತೆಗೆ ಹತ್ತಿಸಿ ತರಬೇತಿ ಕೊಡುತ್ತಾರೆ. ಮಂಚೇನಹಳ್ಳಿಯ ಮೇಲೆ ಸೈಕಲ್ ತುಳಿದುಕೊಂಡು ಅವರ ಅಂಗಡಿಗೆ ಮೊದಲ ಸಲ ಹೋದಾಗ ಅವರು ಟ್ರೇ ತುಂಬ ಸೀಮೆಎಣ್ಣೆ ಇಟ್ಟುಕೊಂಡು ಬ್ರಷ್ಷಿನಲ್ಲಿ ಚೈನು ತಿಕ್ಕುತ್ತಿದ್ದರು. ನಾನು ಸುಮ್ಮನಿರಬಹುದಿತ್ತು.

‘ಸರ್, ಸೀಮೆಎಣ್ಣೇಲಿ ತೊಳೆದ್ರೆ ಅದರ ಮೇಲೆ ಮೇಣ ಹಿಡಿಯಲ್ಲ.’

‘ಯಾಕಮ್ಮ ಹಿಡಿಯಲ್ಲ? ನಮ್ಮಪ್ಪನ ಕಾಲದಿಂದ ಇದ್ರಲ್ಲೇ ತೊಳೀತಾ ಇದೀವಿ.’

‘ಹೆಸರಲ್ಲೇ ಎಣ್ಣೆ ಇದೆಯಲ್ಲ ಸರ್. ಎಣ್ಣೇನ ಎಣ್ಣೇಲಿ ತೊಳೆದು ಎಣ್ಣೆ ಹೋಯ್ತು ಅಂದ್ರೆ ಹೆಂಗೆ?’

ಅಂಗಡಿಯ ಮುಂದೆ ನಿಂತಿದ್ದವರು ನಕ್ಕರು. ಶಿವಣ್ಣ ಸರ್ ನಗಲಿಲ್ಲ. ಬ್ರಷ್ಷು ಕೆಳಗಿಟ್ಟು ನನ್ನನ್ನೇ ನೋಡಿ, ‘ಏನ್ ಓದ್ತಾ ಇದೀಯ?’ ಅಂದರು.

‘ಲಾ ಸರ್.’

‘ಅದಕ್ಕೇ. ನೋಡು ಲಾಯರಮ್ಮ, ಮಾತಿಗೆ ಚೈನು ತಿರುಗಲ್ಲ. ಎರಡು ಚೈನು ಕೊಡ್ತೀನಿ. ಒಂದು ನಾನು ತೊಳೀತೀನಿ, ಒಂದು ನೀನು ತೊಳಿ. ಮೇಣ ಎರಡಕ್ಕೂ ನೀನೇ ಹಾಕು. ಎರಡೂ ನನ್ನ ಹುಡುಗರ ಸೈಕಲ್ ಮೇಲೆ ಓಡ್ಲಿ. ಆಮೇಲೆ ಮಾತಾಡಣ.’

ಇಷ್ಟು ನ್ಯಾಯವಾದ ಸವಾಲನ್ನು ಯಾವ ಚರ್ಚಾಸ್ಪರ್ಧೆಯಲ್ಲೂ ನನಗೆ ಯಾರೂ ಹಾಕಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದ ಚೈನಿನ ಮೇಣ ಕೆಲವೇ ದಿನಗಳಲ್ಲಿ ಬಿಸಿಲಿಗೆ ಸುಟ್ಟ ಮೈ ಸುಲಿದಂತೆ ಸಿಪ್ಪೆಯಾಗಿ ಉದುರಿತು. ನಾನು ತೊಳೆದದ್ದು ಓಡುತ್ತಲೇ ಇತ್ತು. ಸೋತೆ ಎಂದು ಅವರು ಹೇಳಲಿಲ್ಲ. ಮುಂದಿನ ಸೋಮವಾರ ಬಸ್ ಕಂಡಕ್ಟರ್ ಕೈಯಲ್ಲಿ ಒಂದು ಚೀಲದ ತುಂಬ ಚೈನು ಕಳಿಸಿದರು. ಫೋನ್ ಮಾಡಿ, ‘ತೊಳೆಯೋದ್ರಲ್ಲಿ ನೀನು ಸರಿ. ಮೇಣದಲ್ಲಿ ಅಲ್ಲ. ಮಳೇಲಿ ನಿನ್ನ ಮೇಣ ಕೈ ಕೊಡುತ್ತೆ ನೋಡ್ತಿರು’ ಅಂದರು. ಮೇಲಧಿಕಾರಿಯೇ ಇಲ್ಲದ ಕೆಲಸದಲ್ಲಿ ನನಗೆ ಸಿಕ್ಕ ಮೇಲಧಿಕಾರಿ ಅವರು. ಅವರು ಕಳಿಸಿದ ಚೈನಿನಲ್ಲಿ ಒಂದು ಕೊಂಡಿ ಬಿಗಿಯಾಗಿ ಉಳಿದರೂ ಅದನ್ನು ಹಿಡಿದು ವಾಪಸ್ ಕಳಿಸುತ್ತಿದ್ದರು. ನಮ್ಮ ವಾದ ಮಾತ್ರ ಕೊನೆಯವರೆಗೂ ಮುಗಿಯಲಿಲ್ಲ. ಅವರದು ಎಣ್ಣೆ, ನನ್ನದು ಮೇಣ.

ಮಳೆಯ ವಿಷಯದಲ್ಲಿ ಅವರ ಮಾತು ಸರಿಯೇ. ಇದನ್ನು ಹೊಸಬರು ಗಿರಾಕಿಗಳಿಂದ ಮುಚ್ಚಿಡಬೇಡಿ. ಒಣ ರಸ್ತೆಯಲ್ಲಿ ಮೇಣಕ್ಕೆ ಸಾಟಿಯಿಲ್ಲ. ಧೂಳು ಅದಕ್ಕೆ ಅಂಟುವುದಿಲ್ಲ, ಚೈನು ಮುಟ್ಟಿದ ಕೈಯಲ್ಲೇ ಊಟ ಮಾಡಬಹುದು, ಚೈನಿನ ಆಯಸ್ಸೂ ಹೆಚ್ಚು. ಆದರೆ ಚೆನ್ನಾಗಿ ನೆನೆದು ಹಾಗೇ ನಿಂತರೆ ಬೆಳಗಾಗುವಷ್ಟರಲ್ಲಿ ಕೀಚಲು ದನಿ ಶುರುವಾಗುತ್ತದೆ, ತುಕ್ಕು ಹಣಕುತ್ತದೆ. ಒರೆಸಿ, ಒಣಗಿಸಿ, ಮತ್ತೆ ಮೇಣಕ್ಕೆ ಹಾಕಬೇಕು. ಬೇರೆ ದಾರಿಯಿಲ್ಲ.

‘ಮೇಣ’ ಎಂಬ ಪದ ನನಗೆ ಕೊಟ್ಟ ಕಾಟವನ್ನು ಮಳೆಯೂ ಕೊಟ್ಟಿಲ್ಲ. ಮೇಣವೆಂದರೆ ನನ್ನ ತಲೆಯಲ್ಲಿದ್ದದ್ದು ಮೇಣದಬತ್ತಿ. ನಮ್ಮ ಜನರ ತಲೆಯಲ್ಲಿದ್ದದ್ದು ಹಲಸಿನ ಹಣ್ಣು. ಚಿಂತಾಮಣಿಯ ಕಡೆಯಿಂದ ಬಂದ ಒಬ್ಬರು, ‘ಮೇಣ ಹಾಕಿದ್ರೆ ಚೈನು ಹಲ್ಲಿಗೆ ಅಂಟ್ಕೊಂಡ್ಬಿಡಲ್ವಾಮ್ಮ?’ ಎಂದು ಕೇಳಿದಾಗ ನಾನು ದೊಡ್ಡ ಭಾಷಣ ಮಾಡಿ ಒಪ್ಪಿಸಿದ್ದೆ. ವಾರದ ಮೇಲೆ ಅವರ ಚೈನು ಕರ್ರಗೆ ಮುದ್ದೆಯಾಗಿ ವಾಪಸ್ ಬಂತು. ಏನು ಮಾಡಿದಿರಿ ಎಂದರೆ, ‘ಏನೂ ಇಲ್ಲಮ್ಮ, ಹಲಸಿನಣ್ಣು ಬಿಡಿಸೋ ಮುಂಚೆ ಕೈಗೆ ಹಚ್ಕೊಳ್ಳಲ್ವಾ, ಹಂಗೆ ಒಂದಿಷ್ಟು ಕೊಬ್ರಿ ಎಣ್ಣೆ ಸವರ್ದೆ. ಅಂಟ್ಬಾರ್ದು ಅಂತ’ ಅಂದರು. ನನ್ನ ಭಾಷಣಕ್ಕಿಂತ ಅವರ ತರ್ಕವೇ ಬಲವಾಗಿತ್ತು. ಹಲಸಿನ ಮೇಣಕ್ಕೆ ಅದೇ ಮದ್ದು ತಾನೆ?

ಅವತ್ತಿನಿಂದ ಮೇಣ ಬೇಡ, ‘ವ್ಯಾಕ್ಸ್’ ಎನ್ನೋಣ ಎಂದು ನಿರ್ಧರಿಸಿದೆ. ‘ಮನೆಯಲ್ಲೇ ಹಾಟ್ ವ್ಯಾಕ್ಸ್ ಮಾಡಿಕೊಡಲಾಗುವುದು’ ಎಂದು ಬರೆಸಿ ಗೇಟಿಗೆ ತೂಗುಹಾಕಿದೆ. ಮಾರನೇ ದಿನ ಇಬ್ಬರು ಹೆಂಗಸರು ಬಂದು ನಿಂತರು.

‘ನಾಳಿದ್ದು ನಾದಿನಿ ಮದುವೆ ಇದೆಯಮ್ಮ. ಎರಡೂ ಕೈಗೆ ಮಾಡ್ಕೊಡ್ತೀಯಾ? ಜಾಸ್ತಿ ಉರಿಯಲ್ಲ ತಾನೆ?’

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಅಮ್ಮನ ದನಿ ಬಂತು: ‘ಇಲ್ಲೀವರೆಗೂ ಯಾವ ಚೈನೂ ಉರಿ ಅಂದಿಲ್ಲ ಕಣ್ರಮ್ಮ. ನಿಮ್ದು ಗೊತ್ತಿಲ್ಲ.’

ಬೋರ್ಡಿನಲ್ಲಿ ‘ಸೈಕಲ್ ಚೈನಿಗೆ ಮಾತ್ರ’ ಎಂದು ದೊಡ್ಡ ಅಕ್ಷರದಲ್ಲಿ ಸೇರಿಸಿದ್ದು ಆಮೇಲೆ. ಆ ಹೆಂಗಸರಲ್ಲಿ ಒಬ್ಬರು ಮಗನ ಸೈಕಲ್ ಚೈನು ತಂದುಕೊಟ್ಟರು ಎಂಬುದನ್ನೂ ಹೇಳಬೇಕು.

ಕೆಲಸದ ರೀತಿಯೂ ಬದಲಾಗುತ್ತ ಬಂತು. ಮೊದಮೊದಲು ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಅದರೊಳಗೆ ಸಣ್ಣ ಪಾತ್ರೆಯಲ್ಲಿ ಮೇಣ ಇಟ್ಟು ಗ್ಯಾಸ್ ಮೇಲೆ ಕರಗಿಸುತ್ತಿದ್ದೆ. ನೇರ ಉರಿಯ ಮೇಲೆ ಮೇಣ ಇಡುವ ಧೈರ್ಯ ಯಾರೂ ಮಾಡಬೇಡಿ. ಹೊಗೆ ಕಂಡರೆ ಬೆಂಕಿ ಹೊರಗೆ ನಿಂತಿದೆ ಎಂದೇ ತಿಳಿಯಿರಿ. ಒದ್ದೆ ಚೈನನ್ನು ಬಿಸಿ ಮೇಣಕ್ಕೆ ಇಳಿಬಿಡುವುದೂ ಅಷ್ಟೇ ದಡ್ಡತನ. ಒಳಗಿದ್ದ ಹನಿ ನೀರು ಒಗ್ಗರಣೆಯ ಸಾಸಿವೆಯಂತೆ ಸಿಡಿಯುತ್ತದೆ, ಜೊತೆಗೆ ಹಾರಿದ ಮೇಣ ಸಾಸಿವೆಗಿಂತ ಕೆಟ್ಟದಾಗಿ ಮೈಗೆ ಅಂಟುತ್ತದೆ. ಆಮೇಲೆ ಅಮ್ಮನ ಹಳೆಯ ರೈಸ್ ಕುಕ್ಕರ್ ನನ್ನ ಪಾಲಿಗೆ ಬಂತು. ಅನ್ನ ಬಿಸಿಯಾಗಿಡುವ ಗುಂಡಿಯೊಂದು ಅದರಲ್ಲಿದೆಯಲ್ಲ, ಆ ಬಿಸಿ ಮೇಣಕ್ಕೆ ಹೇಳಿ ಮಾಡಿಸಿದಂತಿತ್ತು. ಬಾಗಿಸಿದ ಕಡ್ಡಿಯ ಕೊಕ್ಕೆಗೆ ಚೈನು ಸಿಕ್ಕಿಸಿ ಮುಳುಗಿಸಿ, ಗುಳ್ಳೆ ಬರುವುದು ನಿಲ್ಲುವವರೆಗೂ ಅಲ್ಲಾಡಿಸುತ್ತಿದ್ದೆ. ಗುಳ್ಳೆ ನಿಂತಿತೆಂದರೆ ಮೇಣ ಪಿನ್ನಿನವರೆಗೂ ಹೋಯಿತೆಂದು ಅರ್ಥ. ಕೂಡಲೇ ಎತ್ತಬಾರದು. ಮೇಣ ಸ್ವಲ್ಪ ಆರಿ, ಹಾಲಿನ ಮೇಲೆ ಕೆನೆ ಕಟ್ಟುವಂತೆ ತೆಳು ಪೊರೆ ಕಟ್ಟಿದಾಗ ಎತ್ತಬೇಕು. ಬಿಸಿಯಲ್ಲೇ ಎತ್ತಿದರೆ ಒಳಗಿನದೆಲ್ಲ ಸೋರಿಹೋಗುತ್ತದೆ. ಆರಿದ ಚೈನು ಕೋಲಿನಂತೆ ಸೆಟೆದು ನಿಲ್ಲುತ್ತದೆ. ಒಂದು ಗುಂಡು ಸಲಾಕೆಯ ಮೇಲೆ ಎಳೆದು ಕೊಂಡಿ ಕೊಂಡಿಯನ್ನೂ ಸಡಿಲಿಸಬೇಕು. ಆಗ ಬರುವ ಸದ್ದು ಹುರಿಗಡಲೆ ಅಗಿದಂತಿರುತ್ತದೆ. ನನಗೆ ಬಹಳ ಇಷ್ಟದ ಸದ್ದು.

ಹೆಮ್ಮೆಯಿಂದ ಹೇಳಿಕೊಳ್ಳುವ ಕೇಸು ಶಿಡ್ಲಘಟ್ಟದ ಇಮ್ತಿಯಾಜ್ ಭಾಯ್ ಅವರದು. ರೇಷ್ಮೆ ನೂಲು ತೆಗೆಯುವ ಘಟಕ ಅವರದು. ಗೂಡಿನ ಮಾರ್ಕೆಟ್ಟಿಗೂ ಘಟಕಕ್ಕೂ ದಿನಾ ಸೈಕಲ್ ಮೇಲೇ ಓಡಾಡುವ ಮನುಷ್ಯ. ಅವರ ಚೈನಿಗೆ ಎಷ್ಟು ಸಲ ಮೇಣ ಹಾಕಿದರೂ ವಾರದಲ್ಲೇ ಅಲ್ಲಲ್ಲಿ ಬಿಗಿಯುತ್ತಿತ್ತು.

‘ಮೇಡಂ, ನಿಮ್ದು ವ್ಯಾಕ್ಸ್ ನಮ್ ಊರಿಗೆ ಸೂಟ್ ಆಗಲ್ಲ ಅನ್ಸುತ್ತೆ. ನಮ್ ಮನೇವ್ರು ನಗ್ತಾರೆ ನನ್ನ ನೋಡಿ’ ಅಂದರು.

ನನಗೆ ಕೋಪ ಬಂತು. ಮೇಣ ಊರು ನೋಡಿ ಕೆಲಸ ಮಾಡುವುದಿಲ್ಲ. ಚೈನನ್ನು ಬಿಸಿಲಿಗೆ ಹಿಡಿದು, ಸೂಜಿಯಿಂದ ಒಂದೊಂದೇ ಉರುಳೆಯ ಪಕ್ಕ ಕೆದಕಿದೆ. ಕೂದಲಿಗಿಂತ ತೆಳುವಾದ ಎಳೆಯೊಂದು ಸೂಜಿಗೆ ಸಿಕ್ಕಿ ಎಳೆದಷ್ಟೂ ಬಂತು. ಘಟಕದ ನೆಲದ ಮೇಲೆ ಬಿದ್ದ ರೇಷ್ಮೆ ಎಳೆಗಳು ಚಕ್ರಕ್ಕೆ ಸಿಕ್ಕಿ, ಅಲ್ಲಿಂದ ಚೈನಿಗೆ ಬಂದು, ಉರುಳೆಗಳಿಗೆ ಸುತ್ತಿಕೊಂಡು ಕೂತಿದ್ದವು. ಮೇಣದೊಳಗೆ ಅವು ಬಲೆಯಾಗಿ ಗಟ್ಟಿಯಾಗುತ್ತಿದ್ದವು.

‘ಭಾಯ್, ನಿಮ್ಮ ಚೈನು ರೇಷ್ಮೆ ಸೀರೆ ಉಟ್ಕೊಂಡಿದೆ. ಅದಕ್ಕೇ ಓಡೋಕೆ ನಾಚಿಕೆ ಪಡ್ತಿದೆ.’

‘ಅರೆ, ಇದನ್ನ ಯಾರಿಗೂ ಹೇಳ್ಬೇಡಿ ಮೇಡಂ. ಆಮೇಲೆ ಚೈನಿಗೂ ನಾನೇ ನೂಲು ಸಪ್ಲೈ ಮಾಡ್ತೀನಿ ಅಂತಾರೆ ಮಾರ್ಕೆಟ್ಟಲ್ಲಿ’ ಎಂದು ನಕ್ಕರು. ಸೈಕಲ್ಲನ್ನು ಘಟಕದ ಒಳಗೆ ತರುವುದು ನಿಲ್ಲಿಸಿದ ಮೇಲೆ ಅವರ ಚೈನಿಗೆ ಏನೂ ಆಗಲಿಲ್ಲ. ಯಾವ ವಿಡಿಯೋದಲ್ಲೂ ಇರದ ರೋಗವನ್ನು ನಾನು ಹಿಡಿದಿದ್ದೆ. ಈಗ ಹೇಳಲು ಅವರ ಅನುಮತಿ ಇದೆ.

ಇನ್ನೊಂದು ನಮ್ಮ ಕಡೆಯದೇ ತೊಂದರೆ, ಆಯುಧಪೂಜೆ. ಚಿಂತಾಮಣಿಯ ಒಂದು ಮನೆಗೆ ಮೇಣ ಹಾಕಿದ ಚೈನು ಕೊಡಲು ಹೋದ ದಿನ ಹಬ್ಬ. ನನ್ನ ಕಣ್ಣೆದುರೇ ಅಜ್ಜಿಯೊಬ್ಬರು ಬಟ್ಟಲಲ್ಲಿ ಹರಳೆಣ್ಣೆ ಹಿಡಿದು ಬಂದು, ಹೊಲಿಗೆ ಮಿಷನ್ನು, ಮೋಟರು, ಕುಡುಗೋಲಿಗೆಲ್ಲ ಒಂದೊಂದು ತೊಟ್ಟು ಬಿಟ್ಟು, ಸೈಕಲ್ಲಿನ ಚೈನಿನ ಬಳಿ ಬಂದರು. ನಾನು ಕೈ ಅಡ್ಡ ಹಿಡಿದೆ.

‘ಅಜ್ಜಿ, ಬೇಡಿ. ಇದಕ್ಕೆ ಎಣ್ಣೆ ಆಗಲ್ಲ.’

‘ಏಮ್ಮಾ, ನೂನೆ ಲೇಕುಂಡಾ ಪೂಜಾ ಏಮಿ? ಎಣ್ಣೆ ಇಲ್ದೆ ಎಂಥ ಪೂಜೆ? ವರ್ಷವೆಲ್ಲ ದುಡ್ದಿರೋ ಬಂಡಿ. ಇವತ್ತೊಂದಿನ ತಲೆಗೆ ಎಣ್ಣೆ ಇಕ್ಬಾರ್ದಾ?’

‘ತಲೆಗೆ ಇಕ್ಕಿ ಅಜ್ಜಿ. ಹ್ಯಾಂಡಲ್ ಅದರ ತಲೆ. ಇದು ಕಾಲು.’

ಅಜ್ಜಿ ಯೋಚಿಸಿ, ಹ್ಯಾಂಡಲ್ಲಿಗೆ ಎಣ್ಣೆ, ಕುಂಕುಮ ಇಟ್ಟು, ಚೈನಿಗೆ ಬರೀ ಒಂದು ಸೇವಂತಿಗೆ ತೋರಿಸಿ ಬಿಟ್ಟರು. ನಾನು ಗೆದ್ದ ವಾದಗಳಲ್ಲಿ ಇದಕ್ಕೆ ಮೊದಲ ಸ್ಥಾನ. ಅಂತೂ ಮೇಣದ ಚೈನಿಗೆ ಎಣ್ಣೆ ಬೀಳಲು ನಮ್ಮ ಜಿಲ್ಲೆಯಲ್ಲಿ ಎಷ್ಟೊಂದು ದಾರಿಗಳಿವೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ರೂಪಾಳ ಚೈನಿನಿಂದ ಬಣ್ಣದ ಪೊರೆ ಎದ್ದ ದಿನ ಇವೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

ರೂಪಾ ಶಿವಣ್ಣ ಸರ್ ಅವರ ಶಿಷ್ಯೆ. ನಗರಗೆರೆಯಿಂದ ಗೌರಿಬಿದನೂರಿನ ಕಾಲೇಜಿಗೆ ಸೈಕಲ್ಲಿನಲ್ಲೇ ಹೋಗಿಬರುತ್ತಿದ್ದವಳನ್ನು ಅವರು ರಸ್ತೆಯಲ್ಲಿ ನೋಡಿ ತರಬೇತಿಗೆ ಕರೆದುಕೊಂಡರು. ಆ ವರ್ಷದ ಆಯ್ಕೆ ಅವಳಿಗೆ ಕೊನೆಯದು. ತಂಡಕ್ಕೆ ಸೇರಿದರೆ ಕ್ರೀಡಾ ಕೋಟಾದಲ್ಲಿ ಕೆಲಸದ ದಾರಿ. ಇಲ್ಲದಿದ್ದರೆ ಸೈಕಲ್ ಬಿಟ್ಟು ಮನೆಯವರು ನೋಡಿದ ಹುಡುಗನಿಗೆ ಹೂಂ ಅನ್ನುವುದು ಎಂದು ಮನೆಯಲ್ಲಿ ಮಾತಾಗಿತ್ತು. ಅವಳೇ ಚೈನು ತಂದುಕೊಟ್ಟು ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಇದನ್ನು ಹೇಳಿದ್ದು.

‘ಹುಡುಗ ಕೆಟ್ಟೋನಲ್ಲ ಅಕ್ಕ. ಆದ್ರೆ ಅವನು ಸೈಕಲ್ ನೋಡಿ, ಇದಕ್ಕೆ ಹಿಂದೆ ಕ್ಯಾರಿಯರ್ ಇಲ್ವಾ ಅಂದ.’

ಅವಳ ಚೈನನ್ನು ತೊಳೆದಷ್ಟು ಶ್ರದ್ಧೆಯಿಂದ ನಾನು ಬೇರೆ ಯಾವುದನ್ನೂ ತೊಳೆದಿಲ್ಲ. ತಿಳಿ ಬಂದ ಮೇಲೂ ಇನ್ನೊಂದು ಸಲ ಕುಲುಕಿದೆ. ಮೇಣದಿಂದ ಎತ್ತಿ, ಸಲಾಕೆಯ ಮೇಲೆಳೆದು, ಅವಳ ಸೈಕಲ್ಲಿಗೆ ನಾನೇ ಹಾಕಿ, ಪೆಡಲ್ ತಿರುಗಿಸಿದೆ. ಸದ್ದೇ ಇಲ್ಲ. ಆಯ್ಕೆಯ ಹಿಂದಿನ ಸಂಜೆ ಶಿವಣ್ಣ ಸರ್ ತಮ್ಮ ಜೀಪಿನ ಮೇಲೆ ಸೈಕಲ್ಲುಗಳನ್ನು ಕಟ್ಟಿಕೊಂಡು ಗೌರಿಬಿದನೂರಿನಿಂದ ಹೊರಟರು. ಮಂಚೇನಹಳ್ಳಿ ದಾಟುತ್ತಿದ್ದಂತೆ ಜೋರು ಮಳೆ. ಚಿಕ್ಕಬಳ್ಳಾಪುರಕ್ಕೆ ಬಂದಾಗ ಸೈಕಲ್ಲುಗಳೆಲ್ಲ ಸ್ನಾನ ಮಾಡಿದ್ದವು. ಇದು ನನಗೆ ಗೊತ್ತಾದದ್ದು ಆಮೇಲೆ. ಆಗಲೇ ಗೊತ್ತಾಗಿದ್ದರೆ ಚೈನು ಬಿಚ್ಚಿಸಿ ತರಿಸಿ ಮತ್ತೆ ಮೇಣಕ್ಕೆ ಹಾಕುತ್ತಿದ್ದೆ.

ಬೆಳಿಗ್ಗೆ ನಾನು ನಂದಿಯ ರಸ್ತೆಯಲ್ಲಿ, ಹತ್ತುವ ದಾರಿ ಮುಗಿಯುವಲ್ಲಿ ನಿಂತಿದ್ದೆ. ಒಬ್ಬೊಬ್ಬರನ್ನೇ ಕೆಳಗಿನಿಂದ ಬಿಟ್ಟು ಸಮಯ ನೋಡುವ ಸ್ಪರ್ಧೆ. ತಿರುವಿನಲ್ಲಿ ಮೊದಲು ಚೈನಿನ ಸದ್ದು ಕೇಳಿಸುತ್ತಿತ್ತು, ಆಮೇಲೆ ಸವಾರರು ಕಾಣುತ್ತಿದ್ದರು. ಕರಕರ, ಕಿರಕಿರ. ರೂಪಾ ಮಾತ್ರ ಸದ್ದಿಲ್ಲದೆ ಬಂದಳು. ಹಿಂದಿನ ತಿರುವು ಯಾವಾಗ ದಾಟಿದಳೋ ತಿಳಿಯಲೇ ಇಲ್ಲ. ಗೆರೆ ದಾಟಿ ಸೈಕಲ್ ಬಿಟ್ಟು ರಸ್ತೆಯ ಮೇಲೇ ಕೂತುಬಿಟ್ಟಳು. ತಂಡದ ಹೆಸರುಗಳನ್ನು ಓದಿದಾಗ ಅವಳದೂ ಇತ್ತು.

ಶಿವಣ್ಣ ಸರ್ ನನ್ನ ಕೈ ಹಿಡಿದು ಎಲ್ಲರ ನಡುವೆ ಎಳೆದುಕೊಂಡು ಹೋದರು. ‘ನೋಡ್ರಪ್ಪ, ಇಷ್ಟ್ ದಿನ ಈ ಲಾಯರಮ್ಮನ ಜೊತೆ ಜಗಳ ಆಡ್ತಿದ್ದೆ. ಇವತ್ತು ಒಪ್ಕೊಂಡೆ. ಮೇಣ ಗೆಲ್ತು!’ ಎಂದು ಕೂಗಿದರು. ಬೆಂಗಳೂರಿನಿಂದ ಬಂದ ತರಬೇತುದಾರರೆಲ್ಲ ತಿರುಗಿ ನೋಡಿದರು. ಅವರಲ್ಲಿ ಕೆಲವರು ಅಲ್ಲೇ ನನ್ನ ನಂಬರ್ ಬರೆದುಕೊಂಡರು. ಮುಂದಿನ ದಿನಗಳಲ್ಲಿ ಬಂದ ಚೈನುಗಳಿಗೆ ಅಮ್ಮನ ಕುಕ್ಕರ್ ಸಾಲದೆ ಇನ್ನೊಂದು ತಂದೆ. ಈ ಕಥೆ ಹುಟ್ಟಿದ್ದು ಆ ರಸ್ತೆಯ ಮೇಲೆ, ಆ ಒಂದು ಕೂಗಿನಿಂದ.

ಮರುವಾರ ಚೈನು ತೊಳೆಯಲು ಬಂತು, ಪೊರೆ ಎದ್ದಿತು. ಬೆರಳಿಗೆ ಹಚ್ಚಿ ಮೂಸಿದೆ. ಕೊಬ್ಬರಿಯೂ ಅಲ್ಲ, ಹರಳೂ ಅಲ್ಲ. ಹೊಲಿಗೆ ಮಿಷನ್ನಿಗೆ ಬಿಡುವಂಥ ತೆಳು ಎಣ್ಣೆ. ರೂಪಾಳಿಗೆ ಫೋನ್ ಮಾಡಿದೆ.

‘ನೀನೇನಾದ್ರೂ ಎಣ್ಣೆ ಹಾಕಿದ್ಯಾ?’

‘ನಿಮ್ಮಾಣೆ ಅಕ್ಕ, ನಾನು ಮುಟ್ಟಿಲ್ಲ. ಬೆಳಿಗ್ಗೆ ಸರ್ ಸೈಕಲ್ ಕೈಗೆ ಕೊಟ್ರು, ಹತ್ತಿದೆ. ಯಾಕಕ್ಕ, ಏನಾದ್ರೂ ತೊಂದ್ರೇನಾ?’

ತೊಂದರೆ ಏನೂ ಇಲ್ಲ ಎಂದೆ. ಅವಳ ಮಟ್ಟಿಗೆ ಅದು ನಿಜವೇ ಆಗಿತ್ತು.

ಹೊಸಬರಿಗೆ ನಾನು ಬಿಟ್ಟುಹೋಗುವ ಲೆಕ್ಕಾಚಾರ ಇಷ್ಟು. ನೆನೆದ ಮೇಣ ಬೆಳಿಗ್ಗೆಗೆ ಕೀಚಲು ಶುರು ಮಾಡಿರಬೇಕು. ಅದನ್ನು ಕೇಳಿಸಿಕೊಂಡವರು ಎಣ್ಣೆ ಬಿಟ್ಟಿರಬೇಕು. ಬೆಟ್ಟ ಹತ್ತುವಷ್ಟು ಹೊತ್ತು ಆ ಎಣ್ಣೆ ಚೈನನ್ನು ಸುಮ್ಮನಿರಿಸಿರಬೇಕು. ಹಾಗಾಗಿ ‘ಮೇಣ ಗೆದ್ದಿತು’ ಎಂದು ಯಾರಿಗೂ ಹೇಳಬೇಡಿ. ಆದರೆ ಇದನ್ನು ಧೈರ್ಯವಾಗಿ ಹೇಳಿ: ಆ ಚೈನಿನ ಪಿನ್ನುಗಳ ನಡುವೆ ಅರೆಯುವ ಮಣ್ಣಿನ ಒಂದು ಕಣವೂ ಇರಲಿಲ್ಲ. ಉಳಿದವರ ಚೈನಿನಲ್ಲೂ ಎಣ್ಣೆ ಇತ್ತಲ್ಲ, ಅವು ಯಾಕೆ ಕಿರುಚಿದವು? ಎಣ್ಣೆಗೆ ಕೆಳಗೆ ಶುದ್ಧ ಕಬ್ಬಿಣ ಸಿಕ್ಕಿದ್ದು ಒಂದೇ ಒಂದು ಚೈನಿನಲ್ಲಿ. ಅದು ನನ್ನ ಕೆಲಸ. ಆ ಹೆಮ್ಮೆಯನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ, ಸತ್ಯಕ್ಕೂ ಬಿಟ್ಟುಕೊಡಬೇಕಾಗಿಲ್ಲ.

ಉಳಿದದ್ದು ಒಬ್ಬರು ಮಾತ್ರ ಹೇಳಬಲ್ಲರು. ಕೆಲಸ ನಿಲ್ಲಿಸುತ್ತಿದ್ದೇನೆಂದು ಹೇಳಲು ಕಳೆದ ತಿಂಗಳು ಗೌರಿಬಿದನೂರಿಗೆ ಹೋದೆ. ಶಿವಣ್ಣ ಸರ್ ಒಂದು ಚಕ್ರವನ್ನು ಸ್ಟ್ಯಾಂಡಿಗೆ ಹಾಕಿ ಬೆಂಡು ತೆಗೆಯುತ್ತಿದ್ದರು.

‘ಇಷ್ಟ್ ಬೇಗ ಬಿಡ್ತೀಯಾ? ಇನ್ಮೇಲೆ ನಾನು ಯಾರ ಜೊತೆ ಜಗಳ ಆಡ್ಲಿ?’ ಅಂದರು.

‘ಚಿಂತಾಮಣೀಲಿ ಒಬ್ಬಳಿದಾಳೆ ಸರ್. ನನಗಿಂತ ಬಾಯಿ ಜೋರು.’

‘ಹಂಗಾದ್ರೆ ಸರಿ. ಅವಳಿಗೆ ರೂಪಾ ವಿಷಯ ಹೇಳಿಕೊಡು. ಅದೊಂದ್ ಸಾಕು.’

‘ಅದನ್ನೇ ಕೇಳಣ ಅಂತ ಬಂದೆ ಸರ್. ಅವತ್ತು ಬೆಳಿಗ್ಗೆ ಚೈನು ಕೀಚಲು ಅಂತಿತ್ತಾ?’

ಚಕ್ರ ತಿರುಗುತ್ತಲೇ ಇತ್ತು. ಅವರು ಅದರ ಅಂಚನ್ನೇ ನೋಡುತ್ತಿದ್ದರು. ರೂಪಾ ಈಗ ಪೊಲೀಸ್ ಇಲಾಖೆಯಲ್ಲಿದ್ದಾಳೆ, ಗೆಲುವನ್ನು ಯಾರೂ ಅವಳಿಂದ ಕಿತ್ತುಕೊಳ್ಳುವಂತಿಲ್ಲ, ಎಣ್ಣೆ ಬಿಟ್ಟದ್ದು ತಪ್ಪೂ ಅಲ್ಲ, ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದೆಲ್ಲ ಹೇಳಿದೆ. ಅವರು ಒಂದು ಕಡ್ಡಿಯನ್ನು ಬಿಗಿ ಮಾಡಿದರು, ಇನ್ನೊಂದನ್ನು ಸಡಿಲ ಮಾಡಿದರು. ಇಲ್ಲ ಅನ್ನಲಿಲ್ಲ.

‘ಸರ್, ಇಷ್ಟು ವರ್ಷ ಎಣ್ಣೆ, ಎಣ್ಣೆ ಅಂತ ನನ್ನ ಜೊತೆ ವಾದ ಮಾಡಿದ್ರಿ. ಕೊನೆಗೆ ಒಂದು ದಿನ ನೀವು ಗೆದ್ರಿ, ಅದೂ ಎಲ್ಲರೆದುರು ಹೇಳ್ಕೊಳ್ಳೋ ಅಂಥ ದಿನ. ಅಷ್ಟು ಜನರ ಮಧ್ಯೆ ನನ್ನ ಕೈ ಹಿಡ್ಕೊಂಡು ಹೋಗಿ, ಮೇಣ ಗೆಲ್ತು ಅಂತ ಯಾಕೆ ಕೂಗಿದ್ರಿ?’